ಮೌನ ತಳೆದ ಲೇಖನಿ

ಲೇಖಕನೊಬ್ಬನು ಒಂದೇ ಒಂದು ಹಿರಿಯ ಗ್ರಂಥವನ್ನು ಬರೆದು ಸುಮ್ಮನಾದರೆ ವಾಚಕನು ಸುಮ್ಮನಿರಲಾರನು. ‘ಮುಂದೇನಾಯಿತು?’ ಎಂಬ ಪ್ರಶ್ನೆ ಅಜ್ಜಿಯ ತೊಡೆಯ ಮೇಲೆ ಕಥೆ ಕೇಳುವ ಮಗುವಿನಷ್ಟೇ ಹಳೆಯದು. ವೈಜ್ಞಾನಿಕ ಕಾದಂಬರಿಗಳ ವಾಚಕರಲ್ಲಂತೂ ಈ ಹಸಿವು ತುಸು ಹೆಚ್ಚೇ. ಅವರ ಕಥೆ ನಡೆಯುವುದೇ ನಾಳೆಯಲ್ಲಿ, ನಾಳೆಗೆ ಕೊನೆಯೆಲ್ಲಿ? ಐಸಾಕ್ ಅಸಿಮೊವ್ 1953ರಲ್ಲಿ ಮೂರು ಸಂಪುಟಗಳಿಗೆ ನಿಲ್ಲಿಸಿದ್ದ ‘ಫೌಂಡೇಶನ್’ ಕಥೆಯನ್ನು ಒತ್ತಾಯಕ್ಕೆ ಮಣಿದು 1982ರಲ್ಲಿ ಮತ್ತೆ ಕೈಗೆತ್ತಿಕೊಂಡರು. ಆದರೆ ಆ ನಡುವೆ ಅವರು ಬರೆದ ಇತರ ಪುಸ್ತಕಗಳಿಗೆ ಲೆಕ್ಕವಿಲ್ಲ, ಅವರನ್ನು ಮೌನಿಯೆನ್ನಲಾಗದು.

ನಿಜವಾದ ಮೌನಿ ಅಮೆರಿಕದ ವಾಲ್ಟರ್ ಎಂ. ಮಿಲ್ಲರ್. ಎರಡನೆಯ ಮಹಾಯುದ್ಧದಲ್ಲಿ ಬಾಂಬರ್ ವಿಮಾನದ ಸಿಬ್ಬಂದಿಯಲ್ಲೊಬ್ಬನಾಗಿದ್ದ ಈ ತರುಣನು ಇಟಲಿಯ ಮೊಂಟೆ ಕ್ಯಾಸಿನೊ ಮಠದ ಮೇಲೆ 1944ರಲ್ಲಿ ನಡೆದ ದಾಳಿಯಲ್ಲಿ ಪಾಲ್ಗೊಂಡಿದ್ದನು. ಆರನೆಯ ಶತಮಾನದಲ್ಲಿ ಸಂತ ಬೆನೆಡಿಕ್ಟನು ಸ್ಥಾಪಿಸಿದ ಮಠವದು. ಅಲ್ಲಿಯ ಹಸ್ತಪ್ರತಿಗಳನ್ನು ಮೊದಲೇ ರೋಮಿಗೆ ಸಾಗಿಸಿದ್ದರಿಂದ ಅವು ಉಳಿದವು, ಕಟ್ಟಡ ಉಳಿಯಲಿಲ್ಲ. 1947ರಲ್ಲಿ ಮಿಲ್ಲರ್ ಕ್ಯಾಥೊಲಿಕ್ ಧರ್ಮವನ್ನು ಸ್ವೀಕರಿಸಿದರು. ಪತ್ರಿಕೆಯಲ್ಲಿ ಬಿಡಿಯಾಗಿ ಪ್ರಕಟವಾಗಿದ್ದ ಮೂರು ಕಥೆಗಳನ್ನು ತಿದ್ದಿ ಒಂದುಗೂಡಿಸಿ ‘ಎ ಕ್ಯಾಂಟಿಕಲ್ ಫಾರ್ ಲೀಬೊವಿಟ್ಸ್’ ಎಂಬ ಕಾದಂಬರಿಯನ್ನು ಹೊರತಂದರು. ಅದಕ್ಕೆ 1961ರ ಹ್ಯೂಗೊ ಪ್ರಶಸ್ತಿ ಸಂದಿತು.

ಅಣುಯುದ್ಧದಿಂದ ಲೋಕ ಸುಟ್ಟುಹೋದ ಮೇಲೆ ಜನರು ರೊಚ್ಚಿಗೆದ್ದು ವಿದ್ವಾಂಸರನ್ನು ಕೊಂದು ಗ್ರಂಥಗಳನ್ನು ಬೆಂಕಿಗಿಕ್ಕುತ್ತಾರೆ. ಮರುಭೂಮಿಯ ಒಂದು ಮಠದ ಸನ್ಯಾಸಿಗಳು ಮಾತ್ರ ಅಳಿದುಳಿದ ಹಾಳೆಗಳನ್ನು, ಅವುಗಳ ಅರ್ಥವನ್ನರಿಯದೆಯೇ, ಶತಮಾನಗಳ ಕಾಲ ಕಾಪಾಡುತ್ತಾರೆ. ಫ್ರಾನ್ಸಿಸ್ ಎಂಬ ಬಡ ಸಾಧಕನಿಗೆ ಮಠದ ಸ್ಥಾಪಕನ ಅವಶೇಷಗಳು ದೊರಕುತ್ತವೆ: ಅಂಗಡಿಯಿಂದ ತರಬೇಕಾದ ಸಾಮಾನಿನ ಚೀಟಿಯೊಂದು, ವಿದ್ಯುದ್ಯಂತ್ರದ ನೀಲನಕ್ಷೆಯೊಂದು. ಆ ನಕ್ಷೆಯನ್ನು ಅವನು ಹದಿನೈದು ವರ್ಷ ಕುಳಿತು ಬಣ್ಣ-ಬಂಗಾರಗಳಿಂದ ಪ್ರತಿಮಾಡುತ್ತಾನೆ. ದಾರಿಗಳ್ಳನು ಆ ಹೊಳೆಯುವ ಪ್ರತಿಯನ್ನು ಕಸಿಯುತ್ತಾನೆ. ಮಾಸಿದ ಮೂಲ ಉಳಿಯುತ್ತದೆ. ನಗಬೇಕೋ ಅಳಬೇಕೋ ತಿಳಿಯದಂತಹ ಸನ್ನಿವೇಶ! ಭಗ್ನಾವಶೇಷಗಳಡಿ ಸಿಕ್ಕಿಬಿದ್ದ ಮಠಾಧಿಪತಿಯ ಚಿತ್ರವನ್ನು ಬರೆಯುತ್ತಿದ್ದಾಗಲೇ, ತಾನು ಬರೆಯುತ್ತಿರುವುದು ಮೊಂಟೆ ಕ್ಯಾಸಿನೊವನ್ನು ಕುರಿತೇ ಎಂಬುದು ಲೇಖಕರಿಗೆ ಹೊಳೆಯಿತಂತೆ. ತನ್ನ ಕೈ ಕೆಡವಿದುದನ್ನು ತನ್ನ ಲೇಖನಿ ಕಟ್ಟುತ್ತಿತ್ತು.

ಆಮೇಲೆ ಮೂರು ದಶಕಗಳಿಗೂ ಮೀರಿದ ಮೌನ. ಮಿಲ್ಲರ್ ಫ್ಲಾರಿಡಾದ ಮನೆಯಲ್ಲಿ ಜನಸಂಪರ್ಕವನ್ನೇ ತೊರೆದಂತೆ ಬದುಕಿದರು. ಕಾದಂಬರಿಯ ಕೊನೆಯಲ್ಲಿ ಎರಡನೆಯ ಪ್ರಳಯ ಕವಿಯುವಾಗ ಕೆಲವು ಸನ್ಯಾಸಿಗಳು ಗ್ರಂಥಗಳೊಡನೆ ನೌಕೆಯೇರಿ ನಕ್ಷತ್ರಗಳತ್ತ ತೆರಳುತ್ತಾರಷ್ಟೆ. ಆ ನೌಕೆ ಎಲ್ಲಿ ತಲುಪಿತು? ವಾಚಕರ ಪ್ರಶ್ನೆ ಹಾಗೆಯೇ ಉಳಿಯಿತು.

ಅವರು ಬರೆಯದೇ ಇರಲಿಲ್ಲ. ಉತ್ತರಕಥೆಯ ಹಸ್ತಪ್ರತಿ ಬಹುಮಟ್ಟಿಗೆ ಬೆಳೆದಿತ್ತು. ಮುಗಿತಾಯ ಮಾತ್ರ ಕೈಗೂಡಲಿಲ್ಲ. 1995ರಲ್ಲಿ ಪತ್ನಿ ತೀರಿಕೊಂಡರು. 1996ರ ಜನವರಿಯಲ್ಲಿ ಮಿಲ್ಲರ್ ತಾವಾಗಿಯೇ ಬದುಕನ್ನು ಕೊನೆಗಾಣಿಸಿಕೊಂಡರು. ಆ ಮೌನದೊಳಗೆ ಎಂತಹ ಭಾರವಿತ್ತೆಂಬುದನ್ನು, ಮುಂದಿನ ಭಾಗ ಯಾವಾಗ ಎಂದು ಕೇಳುತ್ತಿದ್ದವರು ಹೇಗೆ ತಾನೆ ಊಹಿಸಿಯಾರು?

ಬಾಣನು ಅರ್ಧಕ್ಕೆ ಬಿಟ್ಟ ‘ಕಾದಂಬರಿ’ಯನ್ನು ಮಗನು ಪೂರೈಸಿದಂತೆ, ಇಲ್ಲಿ ಟೆರ‍್ರಿ ಬಿಸ್ಸನ್ ಎಂಬ ಲೇಖಕರು ಉಳಿದುದನ್ನು ಪೂರ್ಣಗೊಳಿಸಿದರು. ಗ್ರಂಥವು 1997ರಲ್ಲಿ ಪ್ರಕಟವಾಯಿತು. ಆದರೆ ಅದು ಮುಂದಿನ ಕಥೆಯಲ್ಲ. ಮೊದಲ ಕಾದಂಬರಿಯ ಎರಡನೆಯ ಮತ್ತು ಮೂರನೆಯ ಭಾಗಗಳ ನಡುವಣ ಕಾಲದ್ದು. ನೌಕೆಯ ಸುದ್ದಿ ಅದರಲ್ಲಿಲ್ಲ.