ಅಧಿಕಾರಿ ವಿಚಾರ

ಶಾಸ್ತ್ರಗ್ರಂಥವನ್ನು ಕೈಯಲ್ಲಿ ಹಿಡಿದು ಬಂದ ಶಿಷ್ಯನಿಗೆ ನಮ್ಮ ಪಾಠಶಾಲೆಯ ಗುರುಗಳು ಮೊದಲನೆಯ ದಿನ ಮೂಲದ ಒಂದು ಪಂಕ್ತಿಯನ್ನೂ ಹೇಳಿಕೊಡುತ್ತಿರಲಿಲ್ಲ. ಗ್ರಂಥದ ವಿಷಯವೇನು, ಓದುವುದರಿಂದ ಬರುವ ಪ್ರಯೋಜನವೇನು, ಇವುಗಳಿಗೆ ಪರಸ್ಪರ ಸಂಬಂಧವೇನು, ಓದತಕ್ಕ ಅಧಿಕಾರಿ ಯಾರು ಎಂಬ ನಾಲ್ಕನ್ನು ಮೊದಲು ನಿಶ್ಚಯಿಸಬೇಕೆಂಬುದು ಸಂಪ್ರದಾಯ. ಇದಕ್ಕೆ ಅನುಬಂಧಚತುಷ್ಟಯವೆಂದು ಹೆಸರು. ಇಲ್ಲಿ ಅಧಿಕಾರಿಯೆಂದರೆ ಕಚೇರಿಯಲ್ಲಿ ಕುಳಿತು ರುಜು ಹಾಕುವವನಲ್ಲ. ಆ ವಿದ್ಯೆಗೆ ಬೇಕಾದ ಅರ್ಹತೆಯನ್ನು ಪಡೆದುಕೊಂಡು ಬಂದವನು. ಹನೂರು ಕೊಳ್ಳೇಗಾಲಗಳ ಕಡೆಯ ಪ್ರೌಢಶಾಲೆಗಳಲ್ಲಿ ಮೂವತ್ತು ವರ್ಷಕ್ಕೆ ಮೇಲ್ಪಟ್ಟು ಭಾಷಾಪಾಠವನ್ನು ಹೇಳಿದ ನಾನು ಈ ನಾಲ್ಕನ್ನು ಎಷ್ಟೋ ಸಲ ವಿವರಿಸಿದ್ದುಂಟು. ಆದರೂ ಒಬ್ಬ ವಿದ್ಯಾರ್ಥಿನಿಯ ವಿಷಯದಲ್ಲಿ ನಾಲ್ಕನೆಯದನ್ನು ವಿಚಾರಿಸದೆಯೇ ಮಾತನಾಡಿಬಿಟ್ಟೆನು. ಹತ್ತನೆಯ ತರಗತಿಯ ಫಲಿತಾಂಶ ಬಂದ ದಿನಗಳಲ್ಲಿ ನಮ್ಮ ಮನೆಗಳ ಜಗುಲಿಗಳ ಮೇಲೆ ಪ್ರತಿವರ್ಷವೂ ಅಂಥ ಮಾತುಗಳು ನಡೆಯುತ್ತವೆಯಾದ್ದರಿಂದ, ಆ ಸಂಗತಿಯನ್ನು ವಾಚಕರ ಮುಂದೆ ಇಡುತ್ತೇನೆ.

ನಮ್ಮ ಸೀಮೆಯಲ್ಲಿ ಉನ್ನತ ವಿದ್ಯೆಯ ದಾರಿಯನ್ನು ಬಹುಕಾಲ ನಿರ್ಣಯಿಸಿದುದು ಹುಡುಗನ ಬುದ್ಧಿಯಲ್ಲ, ಗಡಿಯ ಕಲ್ಲು. ಯಳಂದೂರು ದಿವಾನ್ ಪೂರ್ಣಯ್ಯನವರ ಜಹಗೀರಾಗಿ ಮೈಸೂರು ಸಂಸ್ಥಾನದಲ್ಲಿದ್ದಿತು. ಕೊಳ್ಳೇಗಾಲವಾದರೋ ಮದರಾಸು ಆಧಿಪತ್ಯದ ಕೊಯಮತ್ತೂರು ಜಿಲ್ಲೆಗೆ ಸೇರಿದ್ದಿತು. ಹನೂರು ಆಗ ಕೊಳ್ಳೇಗಾಲ ತಾಲ್ಲೂಕಿನೊಳಗೇ ಇದ್ದ ಊರು. ಯಳಂದೂರಿಗೂ ಕೊಳ್ಳೇಗಾಲಕ್ಕೂ ಎತ್ತಿನ ಗಾಡಿಯಲ್ಲಿ ಒಂದು ಹೊತ್ತಿನ ಹಾದಿ. ಆದರೆ ಅಲ್ಲಿಯ ಹುಡುಗನು 1916ರಲ್ಲಿ ಸ್ಥಾಪಿತವಾದ ಮೈಸೂರು ವಿಶ್ವವಿದ್ಯಾನಿಲಯದ ಕಡೆಗೆ ಮುಖ ಮಾಡಿದರೆ, ಇಲ್ಲಿಯವನು 1857ರಲ್ಲಿ ಸ್ಥಾಪಿತವಾದ ಮದರಾಸು ವಿಶ್ವವಿದ್ಯಾನಿಲಯದ ಕಡೆಗೆ ಮುಖ ಮಾಡಬೇಕಾಗಿದ್ದಿತು. ನಮ್ಮ ತಂದೆಯವರು ಕೊಳ್ಳೇಗಾಲದಲ್ಲಿ ಎಸ್.ಎಸ್.ಎಲ್.ಸಿ. ತೇರ್ಗಡೆಯಾದರು. ಕೊಯಮತ್ತೂರಿಗೆ ಹೋಗಿ ಇಂಟರ್‌ಮೀಡಿಯೆಟ್ ಓದುವ ಅನುಕೂಲ ಮನೆಯಲ್ಲಿರಲಿಲ್ಲ. ರೇಷ್ಮೆಯ ವರ್ತಕರೊಬ್ಬರ ಅಂಗಡಿಯಲ್ಲಿ ಲೆಕ್ಕ ಬರೆಯಲು ನಿಂತವರು ಕೊನೆಯವರೆಗೂ ಅದನ್ನೇ ಮಾಡಿದರು. 1956ನೆಯ ನವೆಂಬರ್ 1ರಂದು ಕೊಳ್ಳೇಗಾಲವು ಮೈಸೂರು ರಾಜ್ಯಕ್ಕೆ ಸೇರಿತು. ಆಮೇಲೆ ಹುಟ್ಟಿದ ನನ್ನನ್ನು ಅವರು ಮೈಸೂರಿನ ಸಂಸ್ಕೃತ ಪಾಠಶಾಲೆಗೆ ಬಿಡಲು ಬಂದಾಗ, “ನಿನ್ನ ಪಾಲಿಗೆ ಆ ಕಲ್ಲನ್ನು ಕಿತ್ತುಹಾಕಿದರಪ್ಪಾ, ಚೆನ್ನಾಗಿ ಓದು” ಎಂದರು. ಆ ಬಳಿಕ ನಮ್ಮ ಮಕ್ಕಳಿಗೆ ಬೇರೆ ಯಾವ ಕಲ್ಲೂ ಉಳಿದಿಲ್ಲವೆಂದೇ ನಾನು ನಂಬಿದ್ದೆನು.

2006ನೆಯ ಇಸವಿಯ ಮಾತು. ಹನೂರಿನಿಂದ ಮಲೆಮಹದೇಶ್ವರನ ಬೆಟ್ಟಕ್ಕೆ ಹೋಗುವ ದಾರಿಯ ಒಂದು ಹಳ್ಳಿಯಿಂದ ನಮ್ಮ ಶಾಲೆಗೆ ಬರುತ್ತಿದ್ದ ಹುಡುಗಿಯೊಬ್ಬಳು ಹತ್ತನೆಯ ತರಗತಿಯಲ್ಲಿ ಶಾಲೆಗೇ ಮೊದಲನೆಯವಳಾಗಿ ತೇರ್ಗಡೆಯಾದಳು. ತಾಯಿಯಿಲ್ಲದ ಮಗು. ಆ ತಾಯಿಯನ್ನು ಹೆರಿಗೆಯ ನೋವಿನಲ್ಲಿ ಕೊಳ್ಳೇಗಾಲದ ಆಸ್ಪತ್ರೆಗೆ ಕರೆದೊಯ್ಯುತ್ತಿರುವಾಗ ದಾರಿಯಲ್ಲಿಯೇ ಪ್ರಾಣ ಹೋಗಿದ್ದಿತು. ತಾನು ಡಾಕ್ಟರಾಗಬೇಕೆಂಬುದನ್ನು ಹುಡುಗಿಯು ಬೇರೆ ಮಕ್ಕಳ ಹಾಗೆ ಎಲ್ಲರೆದುರಿಗೂ ಹೇಳುತ್ತಿರಲಿಲ್ಲ. ನನ್ನಲ್ಲಿ ಒಮ್ಮೆ ಹೇಳಿದ್ದಳು. ಕಾಲೇಜಿನ ಅರ್ಜಿಯಲ್ಲಿ ವಿಜ್ಞಾನಕ್ಕೆ ಎರಡು ವಿಷಯಗುಚ್ಛಗಳಿದ್ದುವು. ಭೌತ, ರಸಾಯನ, ಗಣಿತಗಳು ಎರಡರಲ್ಲೂ ಸಮಾನ. ನಾಲ್ಕನೆಯದು ಒಂದರಲ್ಲಿ ಜೀವಶಾಸ್ತ್ರ, ಇನ್ನೊಂದರಲ್ಲಿ ಗಣಕವಿಜ್ಞಾನ. ತಂದೆಮಕ್ಕಳಿಬ್ಬರೂ ಆ ಕಾಗದವನ್ನು ಹಿಡಿದುಕೊಂಡು ನಮ್ಮ ಮನೆಗೆ ಬಂದರು. ತಂದೆಯು, “ನಮ್ಗೇನ್ ಗೊತ್ತು ಮೇಷ್ಟ್ರೇ, ನೀವು ಯಾವ್ದು ಅಂದ್ರೆ ಅದು” ಎಂದನು.

ಆಗ ಇಂಜಿನಿಯರಿಂಗಿಗೂ ವೈದ್ಯಕೀಯಕ್ಕೂ ರಾಜ್ಯದಲ್ಲಿ ಒಂದೇ ಹೆಸರಿನ ಪರೀಕ್ಷೆ ನಡೆಯುತ್ತಿದ್ದಿತು: ಸಾಮಾನ್ಯ ಪ್ರವೇಶ ಪರೀಕ್ಷೆ. ನಾನು ವೈಯಾಕರಣನಾದ್ದರಿಂದ ಪದವನ್ನು ಬಿಡಿಸಿ ನೋಡಿದೆನು. ಸಾಮಾನ್ಯವೆಂದರೆ ಎಲ್ಲರಿಗೂ ಸಮಾನವಾದುದು. ಪರೀಕ್ಷೆಯು ಒಂದಾದ ಮೇಲೆ ಅದಕ್ಕೆ ಕೂರುವ ಅರ್ಹತೆಯೂ ಒಂದೇ. ವಿಜ್ಞಾನವನ್ನು ಓದಿದವರು ಯಾವ ಬಾಗಿಲನ್ನಾದರೂ ತಟ್ಟಬಹುದು. ಹೀಗೆ ನನ್ನಲ್ಲಿಯೇ ಸಿದ್ಧಾಂತ ಮಾಡಿಕೊಂಡು, “ಇದು ಗಣಕಯಂತ್ರದ ಕಾಲ. ಇದನ್ನೇ ತೆಗೆದುಕೊಳ್ಳಮ್ಮ; ಮುಂದೆ ಏನು ಬೇಕಾದರೂ ಆಗಬಹುದು” ಎಂದೆನು. ಹುಡುಗಿಯು ಒಂದು ಕ್ಷಣ ನನ್ನ ಮುಖವನ್ನು ನೋಡಿ, “ಡಾಕ್ಟರೂ ಆಗಬಹುದಾ ಸಾರ್?” ಎಂದು ಕೇಳಿದಳು. “ಅದಕ್ಕೇನು” ಎಂದೆನು. ಪದದ ಅರ್ಥ ಸರಿಯಾಗಿಯೇ ಇದ್ದಿತು. ಪದಾರ್ಥವನ್ನು ಮಾತ್ರ ನಾನು ವಿಚಾರಿಸಿರಲಿಲ್ಲ.

2008ರ ಆರಂಭದಲ್ಲಿ, ಪ್ರವೇಶ ಪರೀಕ್ಷೆಗೆ ಅರ್ಜಿ ತುಂಬುವ ಸಮಯದಲ್ಲಿ, ಒಂದು ಸಂಜೆ ಅವಳು ಒಬ್ಬಳೇ ಬಂದಳು. “ಸಾರ್, ಜೀವಶಾಸ್ತ್ರ ಓದದೆ ಇದ್ದವರಿಗೆ ಮೆಡಿಕಲ್‌ಗೆ ಆಗೋದಿಲ್ಲವಂತೆ. ನಿಜವಾ?” ವಿಚಾರಿಸಿ ಹೇಳುತ್ತೇನೆಂದು ಕಳುಹಿಸಿ, ಮರುದಿನ ಕೊಳ್ಳೇಗಾಲಕ್ಕೆ ಹೋಗಿ ತಿಳಿದವರನ್ನು ಕೇಳಿದೆನು. ಕೇಳಿದುದಕ್ಕೆ ಅವರು ಆಶ್ಚರ್ಯಪಟ್ಟರು. ಎರಡು ವರ್ಷದ ಹಿಂದೆ ಕೇಳಿದ್ದರೆ ಅವರಿಗೂ ಎರಡು ನಿಮಿಷದ ಕೆಲಸವಾಗುತ್ತಿದ್ದಿತು. ನಾನು ಬಂದು ನಿಜವೆಂದು ಹೇಳಿದಾಗ ಹುಡುಗಿಯು ಅಳಲಿಲ್ಲ, ನನ್ನನ್ನು ದೂರಲೂ ಇಲ್ಲ. “ಆಯಿತು ಸಾರ್” ಎಂದು ನಮಸ್ಕಾರ ಮಾಡಿ ಹೊರಟುಹೋದಳು. ಮನೆಯಿಂದ ದೂರ ಕಳುಹಿಸಲು ತಂದೆಗೆ ಧೈರ್ಯವಿಲ್ಲದೆ, ಅವಳು ಕೊಳ್ಳೇಗಾಲದಲ್ಲಿಯೇ ಬಿ.ಎಸ್‌ಸಿ.ಗೆ ಸೇರಿದಳು.

ಪರೀಕ್ಷೆಗಳನ್ನು ನಿಂದಿಸುವುದು ನಮ್ಮಂಥವರಿಗೆ ಸುಲಭ. ವಾಕ್ಯಾರ್ಥ ಹೇಳಿ ಗುರುಗಳ ಮೆಚ್ಚಿಕೆ ಪಡೆದವನಿಗೆ ನಾಲ್ಕು ಉತ್ತರಗಳಲ್ಲಿ ಒಂದಕ್ಕೆ ಮಸಿ ತುಂಬುವುದು ವಿದ್ಯೆಯಾಗಿ ಕಾಣುವುದಿಲ್ಲ. ಶ್ರೀನಿವಾಸ ರಾಮಾನುಜನ್ನರ ಉದಾಹರಣೆಯನ್ನು ನಾನೂ ಹೇಳುತ್ತಿದ್ದೆನು. ಕೊಳ್ಳೇಗಾಲವು ಯಾವ ವಿಶ್ವವಿದ್ಯಾನಿಲಯದ ಕಡೆಗೆ ನೋಡುತ್ತಿದ್ದಿತೋ ಅದೇ ಮದರಾಸಿನ ಎಫ್.ಎ. ಪರೀಕ್ಷೆಯಲ್ಲಿ, ಗಣಿತವೊಂದನ್ನುಳಿದು ಇತರ ವಿಷಯಗಳನ್ನು ಅಲಕ್ಷ್ಯ ಮಾಡಿದ ಕಾರಣದಿಂದ, ಅವರು ತೇರ್ಗಡೆಯಾಗಲಿಲ್ಲ. ಆದರೆ ಕಥೆಯ ಉತ್ತರಾರ್ಧವನ್ನು ನಾನು ಮರೆಯುತ್ತಿದ್ದೆನು. ಬಲ್ಲವರು ಅವರ ಪರವಾಗಿ ಮಾತನಾಡಿದ ಮೇಲೆ, ಪದವಿಯಿಲ್ಲದ ಅವರಿಗೆ ಅದೇ ವಿಶ್ವವಿದ್ಯಾನಿಲಯವು 1913ರಲ್ಲಿ ತಿಂಗಳಿಗೆ 75 ರೂಪಾಯಿಯ ಸಂಶೋಧನ ವೇತನವನ್ನು ಕೊಟ್ಟಿತು. ಬಾಗಿಲು ಮುಚ್ಚಿದಾಗ ಒಳಗೆ ಹೋಗಿ ಹೇಳತಕ್ಕವರು ಅವರಿಗೆ ಸಿಕ್ಕಿದರು. ಬೆಟ್ಟದ ದಾರಿಯ ಹುಡುಗಿಗೆ ಅಂಥವರು ಎಲ್ಲಿಂದ ಬರಬೇಕು? ಅವಳಿಗೆ ಇದ್ದವನು ನಾನೊಬ್ಬನೇ. ಅವಳ ವಿಷಯದಲ್ಲಿ ಪರೀಕ್ಷೆಯ ದೋಷವೇನೂ ಇರಲಿಲ್ಲ. ಪರೀಕ್ಷೆಯವರೆಗೆ ಅವಳು ಹೋಗಲೇ ಇಲ್ಲ.

ನಿವೃತ್ತನಾದ ಮೇಲೆ ಪ್ರತಿವರ್ಷವೂ ಕೊಳ್ಳೇಗಾಲ, ಹನೂರು, ಯಳಂದೂರು ಈ ಮೂರು ತಾಲ್ಲೂಕುಗಳ ಕೆಲವು ಶಾಲೆಗಳಿಗೆ ಹೋಗಿ, ಒಂಬತ್ತು ಹತ್ತನೆಯ ತರಗತಿಯ ಮಕ್ಕಳಿಗೆ ಅಧಿಕಾರಿ ವಿಚಾರವನ್ನು ಹೇಳುತ್ತಿದ್ದೇನೆ. ವೈದ್ಯಕೀಯಕ್ಕೆ ಈಗ ರಾಷ್ಟ್ರಮಟ್ಟದ ನೀಟ್ ಪರೀಕ್ಷೆಯೇ ಮಾರ್ಗ. ಅದಕ್ಕೆ ಜೀವಶಾಸ್ತ್ರ ಬೇಕು. ಇಂಜಿನಿಯರಿಂಗಿಗೆ ಗಣಿತ ಬೇಕು. ಯಾವುದೆಂದು ಮನಸ್ಸು ನಿಲ್ಲದ ಮಗುವು ಎರಡನ್ನೂ ಓದಿದರೆ ಎರಡು ದಾರಿಗಳೂ ತೆರೆದಿರುತ್ತವೆ. ನೀಟ್ ಪರೀಕ್ಷೆಯನ್ನು 2017ರಿಂದ ಕನ್ನಡದಲ್ಲಿಯೂ ಬರೆಯಬಹುದು; ಅದರಲ್ಲಿ ತಪ್ಪು ಉತ್ತರಕ್ಕೆ ಒಂದು ಅಂಕ ಕಳೆಯುತ್ತಾರೆ, ರಾಜ್ಯದ ಸಿ.ಇ.ಟಿ.ಯಲ್ಲಿ ಹಾಗೆ ಕಳೆಯುವುದಿಲ್ಲ. ಇಂಜಿನಿಯರಿಂಗಿನ ಶ್ರೇಣಿಯಲ್ಲಿ ಅರ್ಧ ಭಾಗ ಪದವಿಪೂರ್ವ ಪರೀಕ್ಷೆಯ ಅಂಕಗಳದೇ ಆದ್ದರಿಂದ ತರಗತಿಯ ಪಾಠವನ್ನು ಬಿಟ್ಟು ಓಡತಕ್ಕದ್ದಲ್ಲ. ಹತ್ತನೆಯ ತರಗತಿಯ ಬಳಿಕ ಮೂರು ವರ್ಷದ ಡಿಪ್ಲೊಮಾ ಓದಿದವರು ಇಂಜಿನಿಯರಿಂಗಿನ ಎರಡನೆಯ ವರ್ಷಕ್ಕೆ ಸೇರುವ ದಾರಿಯೂ ಉಂಟು. ಕೇಂದ್ರ ವಿಶ್ವವಿದ್ಯಾನಿಲಯಗಳ ಪದವಿ ತರಗತಿಗಳಿಗೆ 2022ರಿಂದ ಬೇರೆಯೇ ಒಂದು ಪರೀಕ್ಷೆಯಿದೆ. ಅದು ಕಲಾವಿಭಾಗದ ಮಕ್ಕಳಿಗೂ ಸಲ್ಲುತ್ತದೆ.

ಇನ್ನೊಂದು ಸಂಗತಿಯನ್ನು ತಂದೆತಾಯಿಗಳಿಗೆ ಹೇಳುತ್ತೇನೆ. ಸರ್ಕಾರದ ಪಾಲಿನ ಸ್ಥಾನಗಳಲ್ಲಿ ಗ್ರಾಮೀಣ ಶಾಲೆಗಳಲ್ಲಿ ಓದಿದವರಿಗೆ ನೂರಕ್ಕೆ 15, ಕನ್ನಡ ಮಾಧ್ಯಮದಲ್ಲಿ ಓದಿದವರಿಗೆ ನೂರಕ್ಕೆ 5 ಮೀಸಲು. ಆದರೆ ಒಂದರಿಂದ ಹತ್ತನೆಯ ತರಗತಿಯವರೆಗೂ ಹಾಗೆಯೇ ಓದಿರಬೇಕು. ಒಳ್ಳೆಯ ಪಾಠವಾಗಲೆಂದು ಎಂಟನೆಯ ತರಗತಿಗೆ ಮಗುವನ್ನು ಪಟ್ಟಣದ ಎಲ್ಲೆಯೊಳಗಿನ ಶಾಲೆಗೆ ಸೇರಿಸಿದವರು ಆ ಪಾಲನ್ನು ತಿಳಿಯದೆಯೇ ಕಳೆದುಕೊಳ್ಳುತ್ತಾರೆ. ನಮ್ಮ ತಂದೆಯವರು ಕಿತ್ತುಹಾಕಿದರೆಂದು ಭಾವಿಸಿದ ಕಲ್ಲು ಈಗ ಕಾಗದದಲ್ಲಿ ನೆಟ್ಟಿದೆ. ಆ ಕಲ್ಲು ಎಲ್ಲರ ಕಣ್ಣಿಗೂ ಕಾಣುತ್ತಿದ್ದಿತು. ಇದು ಓದಬಲ್ಲವರಿಗೆ ಮಾತ್ರ ಕಾಣುತ್ತದೆ.

ಕಳೆದ ವರ್ಷ ಹನೂರು ತಾಲ್ಲೂಕಿನ ಒಂದು ಪ್ರೌಢಶಾಲೆಯಿಂದ ಕರೆ ಬಂದಿತು. ಕರೆದ ಗಣಿತದ ಉಪಾಧ್ಯಾಯಿನಿ ಅವಳೇ. ತರಗತಿಯ ಗೋಡೆಯ ಮೇಲೆ ಯಾವ ವಿಷಯವನ್ನು ಓದಿದರೆ ಯಾವ ದಾರಿ ಎಂಬುದನ್ನು ಒಂದು ಮರದ ಕೊಂಬೆಗಳಂತೆ ಬರೆಸಿದ್ದಳು. ಪದವಿಪೂರ್ವದ ಬಳಿಕ ಜೀವಶಾಸ್ತ್ರವನ್ನು ಹೆಚ್ಚುವರಿ ವಿಷಯವಾಗಿ ಓದಿ ತೇರ್ಗಡೆಯಾದವರೂ ನೀಟ್ ಬರೆಯಬಹುದೆಂದು ರಾಷ್ಟ್ರೀಯ ವೈದ್ಯಕೀಯ ಆಯೋಗವು 2023ರಲ್ಲಿ ಪ್ರಕಟಿಸಿದುದನ್ನೂ ಸಣ್ಣ ಅಕ್ಷರದಲ್ಲಿ ಕೆಳಗೆ ಸೇರಿಸಿದ್ದಳು. ನಾನು ಅದನ್ನು ಓದಿ ಅಲ್ಲಿಯೇ ನಿಂತೆನು. ಅವಳು ಹತ್ತಿರ ಬಂದು, “ನನಗೆ ತಡವಾಯಿತು ಸಾರ್, ಇವರಿಗೆ ತಡವಾಗಬಾರದು” ಎಂದಳು. ಹದಿನೈದು ವರ್ಷಕ್ಕೂ ಮೇಲ್ಪಟ್ಟು ನಾನು ಹೇಳಬೇಕೆಂದುಕೊಂಡಿದ್ದ ಮಾತನ್ನು ಆಗ ಹೇಳಿದೆನು: “ತಪ್ಪು ನನ್ನದಮ್ಮ.” ಅವಳು ಇಲ್ಲವೆನ್ನಲಿಲ್ಲ. “ಮಕ್ಕಳು ಕಾಯುತ್ತಿದ್ದಾರೆ, ಬನ್ನಿ ಸಾರ್” ಎಂದು ಒಳಗೆ ಕರೆದುಕೊಂಡು ಹೋದಳು.

ನನ್ನ ಮಾತು ಮುಗಿದ ಮೇಲೆ ಹಿಂದಿನ ಸಾಲಿನ ಹುಡುಗನೊಬ್ಬನು ಎದ್ದು, ಪಶುವೈದ್ಯನಾಗಲು ಏನು ಓದಬೇಕು, ಯಾವ ಪರೀಕ್ಷೆ ಬರೆಯಬೇಕು ಎಂದು ಕೇಳಿದನು. ಅವರ ಮನೆಯಲ್ಲಿ ದನಗಳಿದ್ದುವು. ನನಗೆ ಪೂರ್ತಿ ತಿಳಿಯದು. ಹಿಂದಿನಂತೆ “ಅದಕ್ಕೇನು” ಎನ್ನಲಿಲ್ಲ. ತಿಳಿಯದೆಂದು ಹೇಳಿ, ಅವನ ಹೆಸರನ್ನು ಕಾಗದದಲ್ಲಿ ಬರೆದುಕೊಂಡು, ಆ ದಿನವೇ ಕೊಳ್ಳೇಗಾಲದ ಬಸ್ಸನ್ನು ಹತ್ತಿದೆನು.