ಕನ್ನಡ ಪುಸ್ತಕದ ಕಡತ: ಫ್ಲಾಪಿಯಿಂದ ಆನ್‌ಲೈನ್ ಫೋಲ್ಡರಿಗೆ

ಕನ್ನಡ ಪುಸ್ತಕೋದ್ಯಮದಲ್ಲಿ ಪುಸ್ತಕದ ‘ಫೈಲು’ ಎಂಬುದೊಂದು ಹುಟ್ಟಿಕೊಂಡದ್ದು ಡೀಟಿಪಿ, ಎಂದರೆ ಕಂಪ್ಯೂಟರಿನಲ್ಲಿ ಅಕ್ಷರ ಜೋಡಿಸಿ ಪುಟ ಕಟ್ಟುವ ಕೆಲಸ, ಬಳಕೆಗೆ ಬಂದ ಮೇಲೆಯೇ. ಅದಕ್ಕೆ ಮೊದಲು ಅಚ್ಚುಕೂಟಗಳಲ್ಲಿ ಸೀಸದ ಮೊಳೆಗಳನ್ನು ಒಂದೊಂದಾಗಿ ಜೋಡಿಸಿ, ಫಾರಂ ಎಂದು ಕರೆಯುವ, ಒಂದೇ ಸಲಕ್ಕೆ ಅಚ್ಚಾಗುವ ಎಂಟು ಅಥವಾ ಹದಿನಾರು ಪುಟಗಳ ಗುಂಪು ಮುದ್ರಣವಾದ ಕೂಡಲೇ ಆ ಮೊಳೆಗಳನ್ನು ಬಿಚ್ಚಿ ಮತ್ತೆ ಆಯಾ ಖಾನೆಗೆ ಹಾಕಿಬಿಡುತ್ತಿದ್ದರು. ಮೊಳೆಗಳ ಸಂಖ್ಯೆ ಮಿತವಾಗಿದ್ದುದರಿಂದ ಮುಂದಿನ ಫಾರಂ ಜೋಡಿಸಲು ಹಿಂದಿನದನ್ನು ಬಿಚ್ಚಲೇಬೇಕಿತ್ತು. ಹೀಗಾಗಿ ಪುಸ್ತಕ ಅಚ್ಚಾದ ಮೇಲೆ ಅಚ್ಚುಕೂಟದಲ್ಲಿ ಆ ಪುಸ್ತಕದ ಗುರುತಾಗಿ ಉಳಿಯುತ್ತಿದ್ದುದು ಅಚ್ಚಾದ ಪ್ರತಿ ಮಾತ್ರ. ಮರುಮುದ್ರಣ ಬೇಕಾದರೆ ಆ ಪ್ರತಿಯನ್ನೇ ಎದುರಿಗಿಟ್ಟುಕೊಂಡು ಮೊದಲ ಅಕ್ಷರದಿಂದ ಮತ್ತೆ ಜೋಡಿಸಬೇಕಾಗಿತ್ತು. ಕಾಪಾಡಬೇಕಾದ ಕಡತವೇ ಇಲ್ಲದ ಕಡೆ ಅದನ್ನು ಹುಡುಕುವ ಪ್ರಶ್ನೆಯೂ ಏಳುತ್ತಿರಲಿಲ್ಲ.

ಪೇಜ್‌ಮೇಕರ್ ಎಂಬ ಪುಟವಿನ್ಯಾಸದ ತಂತ್ರಾಂಶ 1985ರಲ್ಲಿ ಹೊರಬಂದು, ಮುಂದಿನ ದಶಕದಲ್ಲಿ ಬೆಂಗಳೂರು, ಮೈಸೂರು, ಧಾರವಾಡಗಳ ಓಣಿ ಓಣಿಗಳಲ್ಲಿ ಡೀಟಿಪಿ ಅಂಗಡಿಗಳು ತೆರೆದುಕೊಂಡಾಗ, ಕನ್ನಡದ ಪ್ರಕಾಶಕರ ಕೈಗೆ ಮೊದಲ ಬಾರಿಗೆ ಮತ್ತೆ ಮತ್ತೆ ಬಳಸಬಹುದಾದ ಕಡತವೊಂದು ಸಿಕ್ಕಿತು. ಕೈಗೆ ಸಿಕ್ಕಿತು ಎನ್ನುವುದು ಪೂರ್ತಿ ಸರಿಯಲ್ಲ, ಏಕೆಂದರೆ ಬಹುಪಾಲು ಪ್ರಕಾಶಕರು ಸ್ವಂತ ಕಂಪ್ಯೂಟರ್ ಇಟ್ಟುಕೊಂಡಿರಲಿಲ್ಲ. ಹಸ್ತಪ್ರತಿ ಕೊಟ್ಟು, ಪ್ರೂಫ್ ತಿದ್ದಿಸಿ, ಕೊನೆಗೆ ಟ್ರೇಸಿಂಗ್ ಹಾಳೆಯ ಮೇಲೆ ತೆಗೆದ ಪ್ರಿಂಟನ್ನು ಮುದ್ರಣಾಲಯಕ್ಕೆ ಒಯ್ಯುವಲ್ಲಿಗೆ ಅವರ ಕೆಲಸ ಮುಗಿಯುತ್ತಿತ್ತು, ಕಡತ ಡೀಟಿಪಿಯವರ ಬಳಿಯೇ ಉಳಿಯುತ್ತಿತ್ತು. ಈ ವ್ಯವಸ್ಥೆಯಲ್ಲಿ ಪುಸ್ತಕವೊಂದರ ಕಡತವನ್ನು ಹುಡುಕುವುದೆಂದರೆ ಅದನ್ನು ಜೋಡಿಸಿದ ವ್ಯಕ್ತಿಯನ್ನು ಹುಡುಕುವುದೇ ಆಗಿತ್ತು. ಆ ವ್ಯಕ್ತಿ ಅಂಗಡಿ ಬದಲಿಸಿದರೆ, ಊರು ಬಿಟ್ಟರೆ, ಅಂಗಡಿಯೇ ಮುಚ್ಚಿದರೆ ಪುಸ್ತಕ ಮತ್ತೆ ಮೊಳೆಯ ಕಾಲದ ಸ್ಥಿತಿಗೇ ಮರಳುತ್ತಿತ್ತು.

ಆ ಅಂಗಡಿಗಳನ್ನು ಹತ್ತಿರದಿಂದ ಕಂಡವರು ಮರೆಯಲಾಗದ ವಸ್ತುವೆಂದರೆ ಫ್ಲಾಪಿಗಳ ಡಬ್ಬಿ. ಮೂರೂವರೆ ಇಂಚಿನ ಒಂದು ಫ್ಲಾಪಿಯಲ್ಲಿ 1.44 ಮೆಗಾಬೈಟಿನಷ್ಟೇ ಮಾಹಿತಿ ಹಿಡಿಯುತ್ತಿದ್ದುದರಿಂದ, ಚಿತ್ರಗಳಿರುವ ಪುಸ್ತಕವಾದರೆ ಅದು ಹಲವು ಫ್ಲಾಪಿಗಳಲ್ಲಿ ಹರಡಿಕೊಳ್ಳುತ್ತಿತ್ತು. ಪ್ರತಿಯೊಂದರ ಮೇಲಿನ ಅಂಟುಚೀಟಿಯಲ್ಲಿ ಲೇಖಕರ ಹೆಸರಿನ ಮೊದಲಕ್ಷರ, ಅಧ್ಯಾಯದ ಸಂಖ್ಯೆ, ಕೆಲವೊಮ್ಮೆ ತಾರೀಕು ಬಾಲ್‌ಪೆನ್ನಿನಲ್ಲಿ ಬರೆದಿರುತ್ತಿದ್ದವು. ಫ್ಲಾಪಿ ಅಳಿಸಿ ಇನ್ನೊಂದು ಪುಸ್ತಕಕ್ಕೆ ಬಳಸಿದಾಗ ಹಳೆಯ ಚೀಟಿಯ ಮೇಲೆಯೇ ಹೊಸದನ್ನು ಅಂಟಿಸುತ್ತಿದ್ದರು. ಚೀಟಿ ಇಷ್ಟು ಹೇಳಿದರೆ ಒಳಗಿನ ಕಡತದ ಹೆಸರು ಇನ್ನೂ ಕಡಿಮೆ ಹೇಳುತ್ತಿತ್ತು. ವಿಂಡೋಸ್ 95 ಬರುವ ತನಕ ಈ ಕಂಪ್ಯೂಟರುಗಳಲ್ಲಿ ಕಡತದ ಹೆಸರಿಗೆ ಎಂಟು ಅಕ್ಷರ, ಒಂದು ಚುಕ್ಕಿ, ಚುಕ್ಕಿಯ ಬಳಿಕ ಕಡತದ ಬಗೆಯನ್ನು ಸೂಚಿಸುವ ಮೂರು ಅಕ್ಷರಗಳಷ್ಟೇ ಸಲ್ಲುತ್ತಿದ್ದವು, ಅವೂ ರೋಮನ್ ಲಿಪಿಯಲ್ಲಿ. ಕಾದಂಬರಿಯ ಉದ್ದನೆಯ ಶೀರ್ಷಿಕೆಯನ್ನು ಎಂಟು ರೋಮನ್ ಅಕ್ಷರಗಳಿಗೆ ಇಳಿಸುವಾಗ ಒಬ್ಬೊಬ್ಬರು ಒಂದೊಂದು ರೀತಿಯ ಸಂಕ್ಷೇಪ ಮಾಡಿಕೊಳ್ಳುತ್ತಿದ್ದರು, ಮತ್ತು ಆ ಸಂಕ್ಷೇಪದ ಕೀಲಿ ಅವರ ನೆನಪಿನಲ್ಲಿ ಮಾತ್ರ ಇರುತ್ತಿತ್ತು. ಅಚ್ಚುಕಟ್ಟಿನ ಕೆಲವು ಅಂಗಡಿಗಳು ಮಾತ್ರ ಉದ್ದನೆಯ ನೋಟುಬುಕ್ಕಿನಲ್ಲಿ ಪುಸ್ತಕದ ಹೆಸರಿನೆದುರು ಫ್ಲಾಪಿಯ ಸಂಖ್ಯೆ ಬರೆದಿಡುತ್ತಿದ್ದವು, ಮತ್ತು ಹಲವು ವರ್ಷಗಳ ಬಳಿಕವೂ ಮರುಮುದ್ರಣ ಸಲೀಸಾಗಿ ನಡೆದದ್ದು ಇಂಥ ಕಡೆಗಳಲ್ಲಿಯೇ.

ಕಡತ ಸಿಕ್ಕಿದ ಮಾತ್ರಕ್ಕೆ ಪುಸ್ತಕ ಸಿಕ್ಕಂತೆ ಆಗುತ್ತಿರಲಿಲ್ಲ ಎಂಬುದನ್ನು ಈ ವೃತ್ತಿಯ ಹೊರಗಿನವರು ಊಹಿಸುವುದು ಕಷ್ಟ. ಟ್ರೇಸಿಂಗ್ ತೆಗೆದ ಮೇಲೆ ಕಣ್ಣಿಗೆ ಬಿದ್ದ ತಪ್ಪುಗಳನ್ನು ಸರಿಪಡಿಸಲು ಇಡೀ ಪುಟವನ್ನು ಮತ್ತೆ ಪ್ರಿಂಟು ತೆಗೆಯುವುದು ದುಬಾರಿಯೆನಿಸಿ, ಸರಿಯಾದ ಪದ ಅಥವಾ ಸಾಲನ್ನು ಬೇರೆ ತುಂಡಿನಲ್ಲಿ ಪ್ರಿಂಟು ಮಾಡಿ, ಬ್ಲೇಡಿನಿಂದ ಕತ್ತರಿಸಿ, ಟ್ರೇಸಿಂಗಿನ ಮೇಲೆ ಅಳತೆ ನೋಡಿ ಅಂಟಿಸುವ ರೂಢಿ ಇತ್ತು. ಒಂದು ಒತ್ತಕ್ಷರದಷ್ಟು ಚಿಕ್ಕ ತುಂಡನ್ನೂ ಸಾಲಿನ ನೇರಕ್ಕೆ ತಪ್ಪದಂತೆ ಕೂರಿಸುವ ಕೈಚಳಕ ಆ ಕೆಲಸಗಾರರಿಗಿತ್ತು. ಹೀಗೆ ಅಂಟಿಸಿದ ತಿದ್ದುಪಡಿ ಅಚ್ಚಿನಲ್ಲಿ ಬರುತ್ತಿತ್ತು, ಕಡತದಲ್ಲಿ ಸೇರುತ್ತಿರಲಿಲ್ಲ. ಅದೇ ಕಡತದಿಂದ ಎರಡನೆಯ ಮುದ್ರಣ ತೆಗೆದಾಗ, ಮೊದಲ ಮುದ್ರಣದಲ್ಲಿ ತಿದ್ದಿದ್ದ ತಪ್ಪುಗಳೆಲ್ಲ ಇದ್ದಲ್ಲೇ ಮರಳಿ ಬಂದು ಕೂರುತ್ತಿದ್ದವು, ಲೇಖಕರು ಮಾತ್ರ ತಾವು ಒಮ್ಮೆ ತಿದ್ದಿದ್ದ ಪುಟವನ್ನು ನೋಡಿ ನೊಂದುಕೊಳ್ಳುತ್ತಿದ್ದರು. ಕನ್ನಡದ ಎಷ್ಟೋ ಪುಸ್ತಕಗಳ ಮೊದಲ ಮುದ್ರಣ ಎರಡನೆಯದಕ್ಕಿಂತ ಶುದ್ಧವಾಗಿರುವುದಕ್ಕೆ ಇದೂ ಒಂದು ಕಾರಣ. ಪಾಠಾಂತರಗಳನ್ನು ಹೋಲಿಸುವ ವಿದ್ವಾಂಸರು ಈ ಅಂಶವನ್ನು ಲೆಕ್ಕಕ್ಕೆ ತೆಗೆದುಕೊಳ್ಳಬೇಕು.

ಇದಕ್ಕಿಂತಲೂ ಆಳವಾದ ತೊಡಕು ಲಿಪಿಯದ್ದು. ಆ ಕಾಲದ ಕನ್ನಡ ತಂತ್ರಾಂಶಗಳು ಕನ್ನಡದ ಅಕ್ಷರಗಳನ್ನು ಕನ್ನಡವೆಂದು ದಾಖಲಿಸುತ್ತಿರಲಿಲ್ಲ. ರೋಮನ್ ಲಿಪಿಗೂ ಯುರೋಪಿನ ಕೆಲವು ಚಿಹ್ನೆಗಳಿಗೂ ಮೀಸಲಾದ ಸಂಕೇತಗಳ ಜಾಗದಲ್ಲಿ ಕನ್ನಡದ ಅಕ್ಷರರೂಪಗಳನ್ನು ಕೂರಿಸಿದ ಫಾಂಟುಗಳನ್ನು ಬಳಸಿ, ತೆರೆಯ ಮೇಲೆ ಕನ್ನಡವನ್ನು ತೋರಿಸುತ್ತಿದ್ದವು. ನುಡಿ ತಂತ್ರಾಂಶದ ಹಳೆಯ ಫಾಂಟಿನಲ್ಲಿ ‘ಕನ್ನಡ’ ಎಂಬ ಪದವನ್ನು ಬರೆದು, ಫಾಂಟನ್ನು ತೆಗೆದು ನೋಡಿದರೆ ಕಾಣುವುದು ಹೀಗೆ: ರೋಮನ್ ದೊಡ್ಡ ಅಕ್ಷರ ಪಿ, ತಲೆಯ ಮೇಲೆ ಓರೆಗೀಟಿರುವ ಎ, ಪೌಂಡ್ ಹಣದ ಚಿಹ್ನೆ, ಮತ್ತೆ ಓರೆಗೀಟಿನ ಎ, ಜರ್ಮನ್ ಭಾಷೆಯ ಜೋಡಿ ಎಸ್, ಸಣ್ಣ ಅಕ್ಷರ ಕ್ಯೂ, ಕೊನೆಗೆ ಇನ್ನೊಂದು ಓರೆಗೀಟಿನ ಎ. ಮನುಷ್ಯರ ಕಣ್ಣಿಗೆ ಅಚ್ಚಕನ್ನಡವಾಗಿ ಕಾಣುವ ಪುಟ ಯಂತ್ರಕ್ಕೆ ಈ ಏಳು ಚಿಹ್ನೆಗಳಂಥ ಸಾಲುಗಳ ರಾಶಿಯಾಗಿತ್ತು. ಬೇರೆ ಕಂಪನಿಯ ಫಾಂಟಿನಲ್ಲಿ ಬರೆದ ಅದೇ ಪದ ಬೇರೆಯೇ ಚಿಹ್ನೆಗಳ ಸಾಲಾಗುತ್ತಿತ್ತು. ಆದ್ದರಿಂದ ಒಬ್ಬ ಲೇಖಕರ ಹೆಸರು ಯಾವ ಯಾವ ಕಡತಗಳ ಒಳಗಿದೆ ಎಂದು ಕಂಪ್ಯೂಟರನ್ನು ಕೇಳುವುದಕ್ಕೆ ದಾರಿಯೇ ಇರಲಿಲ್ಲ. ಇಂಗ್ಲಿಷಿನಲ್ಲಿ ಕೆಲಸ ಮಾಡುವವರಿಗೆ ಕಡತದ ಒಳಗಿನ ಪದ ಕೊಟ್ಟು ಕಡತವನ್ನು ಹುಡುಕುವ ಅನುಕೂಲ ಸಹಜವಾಗಿ ಒದಗಿದ್ದ ಕಾಲದಲ್ಲಿ, ಕನ್ನಡದ ಡೀಟಿಪಿಯವರು ಅಂಟುಚೀಟಿಯನ್ನೂ ನೆನಪನ್ನೂ ನಂಬಿಕೊಂಡೇ ಇರಬೇಕಾಯಿತು.

ಈ ತೊಡಕಿಗೆ ಪರಿಹಾರವಾಗಬಲ್ಲ ಯುನಿಕೋಡ್, ಎಂದರೆ ಜಗತ್ತಿನ ಲಿಪಿಗಳ ಪ್ರತಿ ಅಕ್ಷರಕ್ಕೂ ತನ್ನದೇ ಸಂಕೇತವನ್ನು ಗೊತ್ತುಮಾಡಿದ ವ್ಯವಸ್ಥೆ, 1991ರ ತನ್ನ ಮೊದಲ ಆವೃತ್ತಿಯಲ್ಲಿಯೇ ಕನ್ನಡಕ್ಕೆ ಸ್ಥಾನ ಕೊಟ್ಟಿತ್ತು. ಕೆ.ಪಿ. ರಾವ್ ಅವರು ರೂಪಿಸಿದ ಕೀಲಿಮಣೆ ವಿನ್ಯಾಸ, ಅದನ್ನು ಅಳವಡಿಸಿಕೊಂಡ ಕನ್ನಡ ಗಣಕ ಪರಿಷತ್ತಿನ ನುಡಿ, ಶೇಷಾದ್ರಿವಾಸು ಚಂದ್ರಶೇಖರನ್ ಅವರು 1998ರಲ್ಲಿ ಬಿಡುಗಡೆ ಮಾಡಿದ ಬರಹ ಇವು ಕನ್ನಡವನ್ನು ಸಾಮಾನ್ಯರ ಕಂಪ್ಯೂಟರಿಗೆ ತಂದವು, ಮುಂದೆ ನುಡಿ ಮತ್ತು ಬರಹ ಯುನಿಕೋಡಿನಲ್ಲಿಯೂ ಬರೆಯಲು ಅನುವು ಮಾಡಿಕೊಟ್ಟವು; 2001ರ ವಿಂಡೋಸ್ ಎಕ್ಸ್‌ಪಿಯಲ್ಲಿ ಯುನಿಕೋಡ್ ಕನ್ನಡವನ್ನು ತೋರಿಸುವ ಸೌಲಭ್ಯವೂ ಬಂತು. ಇಷ್ಟಾದರೂ ಪುಸ್ತಕದ ಕೆಲಸ ಹಳೆಯ ಫಾಂಟುಗಳಲ್ಲಿಯೇ ಮುಂದುವರಿದದ್ದಕ್ಕೆ ಡೀಟಿಪಿಯವರ ಸೋಮಾರಿತನವನ್ನು ದೂರುವವರಿದ್ದಾರೆ. ಅದು ಅನ್ಯಾಯದ ಮಾತು. ಅವರು ಹಗಲಿರುಳು ದುಡಿಯುತ್ತಿದ್ದ ಪೇಜ್‌ಮೇಕರ್ ಕೊನೆಯವರೆಗೂ ಯುನಿಕೋಡ್ ಕನ್ನಡವನ್ನು ಅರಿಯಲಿಲ್ಲ, ಅದರ ಬದಲಿಗೆ ಬಂದ ಇನ್‌ಡಿಸೈನ್‌ನಲ್ಲಿ ಕನ್ನಡದ ಒತ್ತು ಮತ್ತು ಗುಣಿತಗಳು ಸರಿಯಾಗಿ ಕೂರುವ ಏರ್ಪಾಡು 2012ರ ಸಿಎಸ್6 ಆವೃತ್ತಿಯಲ್ಲಿ ಬಂದದ್ದು. ಉಪಕರಣವೇ ಇಲ್ಲದ ಕಡೆ ಮನಸ್ಸಿದ್ದರೂ ಮಾರ್ಗವಿರಲಿಲ್ಲ.

ಆನ್‌ಲೈನ್ ಸಂಗ್ರಹ ಹೆಚ್ಚುಕಡಿಮೆ ಇದೇ ಹೊತ್ತಿಗೆ ಕೈಗೆಟುಕಿತು. 2012ರ ಏಪ್ರಿಲ್‌ನಲ್ಲಿ ಆರಂಭವಾದ ಗೂಗಲ್ ಡ್ರೈವ್‌ನಂಥ ಸೇವೆಗಳಲ್ಲಿ ಕಡತ ದೂರದ ಸರ್ವರಿನಲ್ಲಿ ಉಳಿದು, ಅನುಮತಿ ಪಡೆದ ಯಾರಾದರೂ ಎಲ್ಲಿಂದಾದರೂ ಅದನ್ನು ತೆರೆಯುವಂತಾಯಿತು. ಅದರ ಹಿಂದಿನ ಕೆಲವು ವರ್ಷ ಇಮೇಲಿನ ಕಾಲ: ಪ್ರೂಫ್ ನೋಡುವವರು ಮೈಸೂರಿನಲ್ಲಿ, ಪುಟ ಕಟ್ಟುವವರು ಬೆಂಗಳೂರಿನಲ್ಲಿ, ಲೇಖಕರು ಮಕ್ಕಳ ಜೊತೆ ಅಮೆರಿಕದಲ್ಲಿ ಇದ್ದರೆ, ಅದೇ ಅಧ್ಯಾಯ ಮೂರು ಇಮೇಲುಗಳಲ್ಲಿ ಮೂರು ರೂಪ ತಾಳಿ, ಯಾವುದರಲ್ಲಿ ಯಾರ ತಿದ್ದುಪಡಿ ಸೇರಿದೆ ಎಂದು ಹೋಲಿಸುವುದೇ ಒಂದು ದಿನದ ಕೆಲಸವಾಗುತ್ತಿತ್ತು. ಹಂಚಿಕೊಂಡ ಒಂದೇ ಕಡತದ ಮೇಲೆ ಎಲ್ಲರೂ ಕೆಲಸ ಮಾಡುವ ಪದ್ಧತಿ ಬಂದ ಮೇಲೆ ಈ ಗೊಂದಲ ಬಹುಮಟ್ಟಿಗೆ ತಗ್ಗಿತು, ಹಿಂದಿನ ಆವೃತ್ತಿಗಳ ಪಟ್ಟಿಯನ್ನು ತೆರೆದು ಯಾವ ದಿನ ಯಾರು ಏನು ಬದಲಿಸಿದರು ಎಂದು ನೋಡುವ ಸೌಲಭ್ಯವಂತೂ ಸಂಪಾದಕರ ಪಾಲಿಗೆ ನಿಜವಾದ ವರವಾಯಿತು.

ಆದರೆ ಹೊಸ ವ್ಯವಸ್ಥೆಗೆ ಬಂದವರಲ್ಲಿ ಅನೇಕರು ಹಳೆಯ ಅಂಗಡಿಯ ದುರ್ಬಲತೆಯನ್ನೂ ಜೊತೆಗೆ ತಂದರು. ಇನ್ನೊಬ್ಬರು ಹಂಚಿದ ಕಡತಗಳು ಕಾಣುವ ‘ನನ್ನೊಂದಿಗೆ ಹಂಚಿದವು’ ಎಂಬ ಭಾಗವನ್ನೇ ಕಪಾಟೆಂದು ತಿಳಿದು, ಯಾವ ಫೋಲ್ಡರಿಗೂ ಸೇರಿಸದೆ ಬಿಟ್ಟವರು ಹಲವರು. ಅದು ಬಂದ ಕಡತಗಳ ಪಟ್ಟಿಯಷ್ಟೇ ಆದ್ದರಿಂದ, ಪುಸ್ತಕದ ಅಧ್ಯಾಯಗಳು ಮದುವೆಯ ಆಮಂತ್ರಣ, ಬ್ಯಾಂಕಿನ ಕಾಗದಗಳ ನಡುವೆ ಹುದುಗಿಹೋದವು. ಕಡತದ ಒಡೆತನ ಯಾರ ಖಾತೆಯಲ್ಲಿದೆ ಎಂಬುದನ್ನು ವಿಚಾರಿಸಿದವರು ಇನ್ನೂ ಕಡಿಮೆ. ಪುಟ ಕಟ್ಟುವವರ ಸ್ವಂತ ಖಾತೆಯಲ್ಲಿ ಹುಟ್ಟಿದ ಕಡತ ಅವರು ಕೆಲಸ ಬಿಟ್ಟ ಮೇಲೆಯೂ ಅವರದೇ ಆಗಿರುತ್ತದೆ, ಖಾತೆ ಮುಚ್ಚಿದರೆ ಅದರೊಡನೆ ಹೋಗುತ್ತದೆ. ಅನುಪಯುಕ್ತವೆಂದು ಅಳಿಸಿದರೆ, ಗೂಗಲ್ ಡ್ರೈವ್‌ನಲ್ಲಿ 2020ರ ಅಕ್ಟೋಬರ್‌ನಿಂದ ಜಾರಿಗೆ ಬಂದ ನಿಯಮದಂತೆ, 30 ದಿನಗಳ ಬಳಿಕ ಕಸದ ಬುಟ್ಟಿಯಿಂದಲೂ ತಾನಾಗಿ ಮಾಯವಾಗುತ್ತದೆ. ವ್ಯಕ್ತಿಗಳ ಬದಲು ಸಂಸ್ಥೆಯೇ ಕಡತದ ಒಡೆಯನಾಗಿರುವ ಹಂಚಿಕೆಯ ಡ್ರೈವ್‌ಗಳು 2017ರಲ್ಲಿ ಬಂದರೂ ಅವು ಹಣ ಕೊಟ್ಟು ಪಡೆಯುವ ಸಾಂಸ್ಥಿಕ ಖಾತೆಗಳಿಗೆ ಸೇರಿದವಾದ್ದರಿಂದ, ಒಬ್ಬರೋ ಇಬ್ಬರೋ ನಡೆಸುವ ಕನ್ನಡ ಪ್ರಕಾಶನಗಳಲ್ಲಿ ಹೆಚ್ಚಿನವು ಸ್ವಂತ ಹೆಸರಿನ ಖಾತೆಗಳಲ್ಲಿಯೇ ಕೆಲಸ ಸಾಗಿಸುತ್ತಿವೆ.

ಇದನ್ನು ಚೆನ್ನಾಗಿ ನಿಭಾಯಿಸಿದ ಕಡೆಗಳಲ್ಲಿ ಕಾಣುವ ಕ್ರಮ ಬಹಳ ಸರಳವಾದದ್ದು. ಪ್ರತಿ ಪುಸ್ತಕಕ್ಕೆ ಒಂದೇ ಫೋಲ್ಡರ್, ಅದು ಪ್ರಕಾಶನದ ಖಾತೆಯಲ್ಲಿ. ಅದರೊಳಗೆ ಲೇಖಕರಿಂದ ಬಂದ ಮೂಲ, ತಿದ್ದುಪಡಿಯ ಹಂತದ ಪಠ್ಯ, ಪುಟವಿನ್ಯಾಸ, ಮುಖಪುಟ ಇವಕ್ಕೆ ಬೇರೆ ಬೇರೆ ಜಾಗ. ಕಡತದ ಹೆಸರಿನ ಮೊದಲಿಗೆ ವರ್ಷ, ತಿಂಗಳು, ದಿನ ಈ ಕ್ರಮದಲ್ಲಿ ತಾರೀಕು, ಹಾಗೆ ಬರೆದರೆ ಪಟ್ಟಿ ತಾನಾಗಿ ಕಾಲಕ್ರಮದಲ್ಲಿ ನಿಲ್ಲುತ್ತದೆ. ಎಲ್ಲಕ್ಕಿಂತ ಮುಖ್ಯವಾದದ್ದು, ಮುದ್ರಣಾಲಯಕ್ಕೆ ಹೋದ ಪಿಡಿಎಫ್ ಕಡತವನ್ನು ‘ಅಚ್ಚಾದದ್ದು’ ಎಂಬ ಪ್ರತ್ಯೇಕ ಫೋಲ್ಡರಿನಲ್ಲಿ, ಯಾರೂ ತಿದ್ದದಂತೆ ನೋಡುವ ಅನುಮತಿ ಮಾತ್ರ ಕೊಟ್ಟು ಇಡುವುದು. ಜೊತೆಗೆ ಇನ್‌ಡಿಸೈನ್‌ನ ಪ್ಯಾಕೇಜ್ ಸೌಲಭ್ಯದಿಂದ ಪುಟ, ಫಾಂಟು, ಚಿತ್ರಗಳನ್ನು ಒಟ್ಟಾಗಿ ತೆಗೆದಿಟ್ಟರೆ, ಫಾಂಟು ಇಲ್ಲದ್ದಕ್ಕೆ ಪುಟ ಚದರಿಹೋಗುವ ಹಳೆಯ ಗೋಳು ತಪ್ಪುತ್ತದೆ. ಈ ಕ್ರಮವನ್ನು ಹೇಳಿಕೊಟ್ಟದ್ದು ಯಾವ ಕಂಪನಿಯ ಕೈಪಿಡಿಯೂ ಅಲ್ಲ. ಫ್ಲಾಪಿಯ ಕಾಲದಲ್ಲಿ ನೋಟುಬುಕ್ಕು ಇಟ್ಟ ಕೆಲಸಗಾರರಲ್ಲಿದ್ದ ಶಿಸ್ತೇ ಇಲ್ಲಿಯೂ ಕೆಲಸ ಮಾಡಿದೆ ಎನ್ನಬೇಕು.

ಯುನಿಕೋಡಿನಲ್ಲಿ ಸಿದ್ಧವಾದ ಪುಸ್ತಕಗಳ ಮಟ್ಟಿಗೆ ಹುಡುಕಾಟ ಈಗ ನಿಜವಾಗಿಯೂ ನಡೆಯುತ್ತದೆ: ಕವಿಯ ಹೆಸರನ್ನೋ ಊರಿನ ಹೆಸರನ್ನೋ ಕನ್ನಡದಲ್ಲಿಯೇ ಬರೆದರೆ, ಕಡತದ ಹೆಸರಿನಲ್ಲಿ ಆ ಪದ ಇಲ್ಲದಿದ್ದರೂ ಒಳಗಿರುವ ಕಡತ ಎದುರಿಗೆ ಬರುತ್ತದೆ. ‘ಸಾಫ್ಟ್‌ವೇರ್’ ಎಂಬಂಥ ಪದಗಳಲ್ಲಿ ಅಕ್ಷರಗಳು ಒತ್ತಾಗದಂತೆ ತಡೆಯುವ, ಕಣ್ಣಿಗೆ ಕಾಣದ ಸಂಕೇತವೊಂದು ಸೇರಿರುವುದರಿಂದ ಕೆಲವು ಹುಡುಕಾಟಗಳು ತಪ್ಪುವುದುಂಟು, ಆದರೆ ಅದು ಸಣ್ಣ ಕೊರತೆ. ದೊಡ್ಡ ಕೊರತೆ ಹಳೆಯ ಫಾಂಟುಗಳಲ್ಲಿರುವ ಪುಸ್ತಕಗಳದ್ದು, ಮತ್ತು ಅವು ಕನ್ನಡ ಸಾಹಿತ್ಯದ ಎರಡು ದಶಕಗಳ ಫಸಲು. ಅವುಗಳನ್ನು ಡ್ರೈವ್‌ಗೆ ಏರಿಸಿದರೂ ಹುಡುಕುವ ಯಂತ್ರಕ್ಕೆ ಅವು ಓರೆಗೀಟಿನ ಎಗಳ ರಾಶಿಯೇ. ಯುನಿಕೋಡಿಗೆ ಬದಲಿಸುವ ಪರಿವರ್ತಕಗಳಿವೆ, ಅವು ಬಹಳ ಉಪಕಾರ ಮಾಡಿವೆ ಕೂಡ. ಆದರೆ ಅರ್ಕಾವೊತ್ತು ಇರುವ ಕಡೆ ಅಕ್ಷರ ಹಿಂದುಮುಂದಾಗುವುದು, ನಡುವೆ ಬಂದ ಇಂಗ್ಲಿಷ್ ಪದಗಳು ಅರ್ಥವಿಲ್ಲದ ಕನ್ನಡವಾಗಿ ಮಾರ್ಪಡುವುದು ಇವೆಲ್ಲ ಉಂಟಾಗುವುದರಿಂದ, ಪರಿವರ್ತನೆಯ ಬಳಿಕ ಇಡೀ ಪುಸ್ತಕದ ಪ್ರೂಫನ್ನು ಹೊಸದಾಗಿ ನೋಡಲೇಬೇಕು.

ಹೀಗಿರುವಾಗ ಹಳೆಯ ಪುಸ್ತಕವನ್ನು ಮರುಮುದ್ರಿಸಲು ಹೊರಟ ಪ್ರಕಾಶಕರಲ್ಲಿ ಕೆಲವರು ಕಡತವನ್ನು ಹುಡುಕುವುದನ್ನೇ ಬಿಟ್ಟು, ಅಚ್ಚಾದ ಮೊದಲ ಮುದ್ರಣದ ಪ್ರತಿಯನ್ನು ಸ್ಕ್ಯಾನ್ ಮಾಡಿಸಿ, ಚಿತ್ರದಿಂದ ಅಕ್ಷರಗಳನ್ನು ಗುರುತಿಸುವ ಒಸಿಆರ್ ತಂತ್ರದ ಮೂಲಕ ಅದನ್ನು ಯುನಿಕೋಡ್ ಪಠ್ಯವಾಗಿಸುತ್ತಿದ್ದಾರೆ. ಸ್ಕ್ಯಾನ್ ಮಾಡಿದ ಪುಟವನ್ನು ಡ್ರೈವ್‌ಗೆ ಏರಿಸಿ ಗೂಗಲ್ ಡಾಕ್ಸ್‌ನಲ್ಲಿ ತೆರೆದರೆ ಕನ್ನಡವೂ ಸಾಕಷ್ಟು ಚೆನ್ನಾಗಿಯೇ ಪಠ್ಯವಾಗಿ ಬರುತ್ತದೆ. ಈ ದಾರಿಯಲ್ಲಿ ಸಿಗುವ ಲಾಭ ಇನ್ನೊಂದಿದೆ: ಬ್ಲೇಡಿನಿಂದ ಕತ್ತರಿಸಿ ಅಂಟಿಸಿದ ಆ ಕೊನೆಗಳಿಗೆಯ ತಿದ್ದುಪಡಿಗಳು ಫ್ಲಾಪಿಯಲ್ಲಿ ಇಲ್ಲವಾದರೂ ಅಚ್ಚಾದ ಪುಟದಲ್ಲಿವೆಯಾದ್ದರಿಂದ, ಅವೂ ಈಗ ಕಡತಕ್ಕೆ ಬಂದು ಸೇರುತ್ತಿವೆ.