ಘಾರಾಪುರಿಯಲ್ಲಿ ಒಂದು ಹಗಲು

ಮುಂಬಯಿಯ ಅಪೋಲೋ ಬಂದರಿನಿಂದ ಹೊರಟ ಮೋಟಾರು ದೋಣಿಯು ಸುಮಾರು ಒಂದು ತಾಸಿನಲ್ಲಿ ಯಾತ್ರಿಕರನ್ನು ಘಾರಾಪುರಿ ದ್ವೀಪಕ್ಕೆ ಮುಟ್ಟಿಸುತ್ತದೆ. ಮೆಟ್ಟಿಲುಗಳನ್ನೇರಿ ಗುಹಾಲಯವನ್ನು ಹೊಕ್ಕವರಿಗೆ ಮೊದಲು ಕಾಣುವುದು ಬರಿಯ ಕತ್ತಲೆ. ಕಣ್ಣು ಪಳಗಿದಂತೆ ಒಳಗೋಡೆಯಿಂದ ಸುಮಾರು 18 ಅಡಿ ಎತ್ತರದ ಸದಾಶಿವನು ಮೂಡಿಬರುತ್ತಾನೆ. ತ್ರಿಮೂರ್ತಿಯೆಂದು ಜನರು ಕರೆದರೂ ಮೂರು ಮುಖಗಳೂ ಶಿವನವೇ: ನಡುವೆ ಪ್ರಶಾಂತನಾದ ತತ್ಪುರುಷ, ಇಕ್ಕೆಲಗಳಲ್ಲಿ ಉಗ್ರನಾದ ಅಘೋರ, ಲಲಿತನಾದ ವಾಮದೇವ.

ಇದನ್ನು ಕಡೆಯಿಸಿದವರು ಯಾರು? 6ನೆಯ ಶತಮಾನದ ಕಲಚುರಿಗಳೆಂಬುದು ವಿದ್ವಾಂಸರ ಊಹೆ ಮಾತ್ರ. ಇಲ್ಲಿದ್ದ ಶಿಲಾಶಾಸನವೊಂದನ್ನು ಕಿತ್ತು ಪೋರ್ಚುಗಲ್ಲಿನ ದೊರೆಗೆ ಕಳುಹಿಸಿದರೆಂದು ಪೋರ್ಚುಗೀಸ್ ಚರಿತ್ರಕಾರ ಕೌಟೋ ಬರೆದಿದ್ದಾನೆ. ಆಮೇಲೆ ಅದರ ಸುಳಿವಿಲ್ಲ. ದ್ವೀಪಕ್ಕೆ ಎಲಿಫೆಂಟಾ ಎಂಬ ಹೆಸರನ್ನು ತಂದ ಕಲ್ಲಾನೆಯೂ 1864ರಲ್ಲಿ ಇಂಗ್ಲೆಂಡಿಗೆ ಸಾಗಿಸಹೋದಾಗ ಬಿದ್ದು ಒಡೆಯಿತು. ಅದರ ಚೂರುಗಳನ್ನಾದರೂ ಕೂಡಿಸಿ ಮುಂಬಯಿಯಲ್ಲಿ ನಿಲ್ಲಿಸಿದ್ದಾರೆ. ಕಳೆದ ಅಕ್ಷರಗಳನ್ನು ಕೂಡಿಸುವ ಬಗೆ ಎಂತು?

ಕನ್ನಡಿಗರಿಗೆ ಇಲ್ಲಿ ಮತ್ತೊಂದು ಕುತೂಹಲವುಂಟು. ಇಮ್ಮಡಿ ಪುಲಕೇಶಿಯು ಮದಗಜಗಳಂತಹ ನೂರಾರು ನಾವೆಗಳೊಡನೆ ಪಡುಗಡಲ ಸಿರಿಯಾದ ಪುರಿಯನ್ನು ಮುತ್ತಿದನೆಂದು ಕ್ರಿ.ಶ. 634ರ ಐಹೊಳೆಯ ಶಾಸನದಲ್ಲಿ ಕವಿ ರವಿಕೀರ್ತಿಯು ಬಣ್ಣಿಸುತ್ತಾನೆ. ಆ ಪುರಿಯು ಈ ದ್ವೀಪವೇ ಎಂದು ಕೆಲವರ ಮತ, ಒಪ್ಪದವರೂ ಇದ್ದಾರೆ. ಅದು ನಿಜವಾದಲ್ಲಿ, ತನ್ನ ಶಾಸನವನ್ನು ಕಳೆದುಕೊಂಡ ಘಾರಾಪುರಿಯ ಹೆಸರು ಐಹೊಳೆಯ ಮೇಗುತಿ ಬಸದಿಯ ಗೋಡೆಯಲ್ಲಿ ಇಂದಿಗೂ ಓದಲು ದೊರೆಯುತ್ತದೆ.